ತೃತೀಯಾ ವಿಭಕ್ತಿಯ ಬೆಲೆ: ಮನೋವಿಜ್ಞಾನದ ಮೊದಲ ಸಂಶೋಧನೆಗೆ ಯಾವ ವಿಧಾನ?

ಪ್ರಾಜೆಕ್ಟಿನ ಕಾಲ ಬಂದಾಗ ನನ್ನ ಮೇಜಿನ ಮುಂದೆ ನಿಲ್ಲುವ ವಿದ್ಯಾರ್ಥಿಗಳ ಮೊದಲ ಮಾತು ವರ್ಷದಿಂದ ವರ್ಷಕ್ಕೆ ಬದಲಾಗುವುದಿಲ್ಲ. "ಸರ್, ಗೂಗಲ್ ಫಾರ್ಮ್ ಸಿದ್ಧವಾಗಿದೆ. ನೂರು ಜನರಿಗೆ ಕಳುಹಿಸಿದರೆ ಸಾಕಲ್ಲವೇ?" ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದೀರಿ ಎಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಹೆಣ್ಣು ನೋಡುವ ಮೊದಲೇ ಛತ್ರಕ್ಕೆ ಮುಂಗಡ ಕೊಟ್ಟು ಬಂದವರ ಸ್ಥಿತಿ ಅದು.

ಪ್ರಯೋಗ, ಸಮೀಕ್ಷೆ, ಅವಲೋಕನ, ಸಂದರ್ಶನ, ವ್ಯಕ್ತಿ ಅಧ್ಯಯನ. ಪಠ್ಯಪುಸ್ತಕಗಳು ಇವನ್ನು ಸಾಲಾಗಿ ನಿಲ್ಲಿಸಿ, ಒಂದೊಂದಕ್ಕೂ ನಾಲ್ಕು ಗುಣ ನಾಲ್ಕು ದೋಷ ಬರೆದು ಮುಗಿಸುತ್ತವೆ. ಪರೀಕ್ಷೆಗೆ ಅಷ್ಟು ಸಾಕು, ಆದರೆ ಆರಿಸಿಕೊಳ್ಳಬೇಕಾದವನಿಗೆ ಅದು ಉಪಯೋಗಕ್ಕೆ ಬರುವುದಿಲ್ಲ. ನನ್ನ ಉಪಾಯ ವ್ಯಾಕರಣದ್ದು. ವರದಿಯ ಕೊನೆಯಲ್ಲಿ ಯಾವ ವಾಕ್ಯ ಬರೆಯಬೇಕೆಂಬ ಆಸೆ ನಿಮಗಿದೆಯೋ ಅದನ್ನು ಮೊದಲ ದಿನವೇ ಒಂದು ಚೀಟಿಯಲ್ಲಿ ಬರೆಯಿರಿ. ಆಮೇಲೆ ಅದರಲ್ಲಿರುವ ಪ್ರತ್ಯಯಗಳನ್ನು ನೋಡಿ.

ಹಾಸ್ಟೆಲ್, ಮೊಬೈಲ್, ನಿದ್ದೆ ಎಂಬ ವಿಷಯವನ್ನೇ ತೆಗೆದುಕೊಳ್ಳೋಣ. ಪ್ರತಿ ತರಗತಿಯಲ್ಲೂ ಒಂದು ತಂಡವಾದರೂ ಇದನ್ನೇ ಹಿಡಿದು ಬರುತ್ತದೆ.

"ರಾತ್ರಿ ಮೊಬೈಲ್ ನೋಡುವುದರಿಂದ ನಿದ್ದೆ ಕೆಡುತ್ತದೆ."
"ರಾತ್ರಿ ಹೆಚ್ಚು ಹೊತ್ತು ಮೊಬೈಲ್ ನೋಡುವವರಲ್ಲಿ ನಿದ್ದೆಯ ತೊಂದರೆಯೂ ಹೆಚ್ಚು."
"ಹಾಸ್ಟೆಲ್ ವಿದ್ಯಾರ್ಥಿಗಳು ದೀಪ ಆರಿಸಿದ ಮೇಲೆ ಇಷ್ಟು ಹೊತ್ತು ಮೊಬೈಲ್ ನೋಡುತ್ತಾರೆ."
"ದೀಪ ಆರಿಸಿದ ಮೇಲಿನ ಆ ಹೊತ್ತು ಅವರಿಗೆ ಹೀಗೆ ಅನ್ನಿಸುತ್ತದೆ."

ಮೇಲುನೋಟಕ್ಕೆ ನಾಲ್ಕೂ ಒಂದೇ ವಿಷಯ. ಆದರೆ ಮೊದಲನೆಯದರಲ್ಲಿ 'ಇಂದ' ಎಂಬ ತೃತೀಯಾ ವಿಭಕ್ತಿ ಕುಳಿತಿದೆ. ಇದರಿಂದಲೇ ಅದಾಯಿತು ಎಂದು ಕಾರಣ ಹೇಳುವ ಅದು ಬಹಳ ದುಬಾರಿ ಪ್ರತ್ಯಯ. ಪ್ರಯೋಗ ಮಾಡದೆ ಅದನ್ನು ಬರೆಯುವ ಹಕ್ಕು ಸಿಗುವುದಿಲ್ಲ. ಎರಡನೆಯದಕ್ಕೆ ಸಹಸಂಬಂಧದ, ಅಂದರೆ ಎರಡು ಸಂಗತಿಗಳು ಎಷ್ಟರಮಟ್ಟಿಗೆ ಜೊತೆಜೊತೆಗೆ ಏರಿಳಿಯುತ್ತವೆ ಎಂದು ನೋಡುವ ಅಧ್ಯಯನ ಸಾಕು. ಮೂರನೆಯದಕ್ಕೆ ಅವಲೋಕನವೋ ಸಮೀಕ್ಷೆಯೋ ಬೇಕು. ನಾಲ್ಕನೆಯದಕ್ಕೆ ಎದುರು ಕೂತು ಮಾತನಾಡಬೇಕು. ವೈವಾದಲ್ಲಿ ಬಹಳ ಮಂದಿ ಮುಗ್ಗರಿಸುವುದು ಎರಡನೆಯ ಬಗೆಯ ಕೆಲಸ ಮಾಡಿ ಮೊದಲನೆಯ ವಾಕ್ಯ ಬರೆದುಬಿಟ್ಟದ್ದಕ್ಕೆ. ಜಾಣತನ ಮಾಡಿ ಪಂಚಮಿಯ 'ದೆಸೆಯಿಂದ' ಹಾಕಿದರೂ ಬಾಹ್ಯ ಪರೀಕ್ಷಕರು ಬಿಡುವುದಿಲ್ಲ.

'ಇಂದ' ಬೇಕೆಂದರೆ

ಪ್ರಯೋಗ ಎಂದರೆ ಬಿಳಿ ಕೋಟು, ಯಂತ್ರ, ಪ್ರಯೋಗಾಲಯ ಎಂಬ ಕಲ್ಪನೆ ಇನ್ನೂ ಹೋಗಿಲ್ಲ. ಪ್ರಯೋಗದ ಜೀವ ಇರುವುದು ಎರಡು ಸಂಗತಿಗಳಲ್ಲಿ. ಒಂದು, ಕಾರಣವೆಂದು ನೀವು ಊಹಿಸಿದ್ದನ್ನು ನೀವೇ ಬದಲಾಯಿಸಬೇಕು. ಎರಡು, ಯಾರು ಯಾವ ಗುಂಪಿಗೆ ಹೋಗಬೇಕೆಂಬುದನ್ನು ಅವರೂ ನಿರ್ಧರಿಸಬಾರದು, ನೀವೂ ನಿರ್ಧರಿಸಬಾರದು, ಚೀಟಿ ಎತ್ತಿ ನಿರ್ಧರಿಸಬೇಕು. ಚೀಟಿ ಎತ್ತಿದಾಗ ಬುದ್ಧಿವಂತರು, ಸೋಮಾರಿಗಳು, ರಾತ್ರಿ ಗೂಬೆಗಳು, ಪ್ರೀತಿಯಲ್ಲಿ ಬಿದ್ದವರು ಎಲ್ಲರೂ ಎರಡೂ ಗುಂಪುಗಳಿಗೆ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುತ್ತಾರೆ. ಆಮೇಲೆ ಕಾಣುವ ವ್ಯತ್ಯಾಸಕ್ಕೆ ನೀವು ಬದಲಾಯಿಸಿದ ಸಂಗತಿಯನ್ನೇ ಹೊಣೆ ಮಾಡಬಹುದು.

1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಪ್ರಕಟಿಸಿದ ಪ್ರಯೋಗಕ್ಕೆ ಬೇಕಾದದ್ದು ಕಾರು ಅಪಘಾತದ ಕೆಲವು ಸಿನಿಮಾ ತುಣುಕುಗಳು ಮತ್ತು ಒಂದು ಪ್ರಶ್ನೆಪತ್ರಿಕೆ, ಅಷ್ಟೇ. ತುಣುಕು ನೋಡಿದ 45 ವಿದ್ಯಾರ್ಥಿಗಳಿಗೆ ಕಾರುಗಳ ವೇಗ ಎಷ್ಟಿತ್ತೆಂದು ಕೇಳಿದರು. ಪ್ರಶ್ನೆಯಲ್ಲಿ ಒಂದು ಕ್ರಿಯಾಪದ ಮಾತ್ರ ಗುಂಪಿನಿಂದ ಗುಂಪಿಗೆ ಬೇರೆ. ಕಾರುಗಳು 'ಅಪ್ಪಳಿಸಿದಾಗ' ಎಂದು ಕೇಳಿದವರ ಸರಾಸರಿ ಉತ್ತರ ಗಂಟೆಗೆ ಸುಮಾರು 40 ಮೈಲಿ; 'ತಾಗಿದಾಗ' ಎಂದು ಕೇಳಿದವರದು ಸುಮಾರು 32. ಎರಡನೆಯ ಪ್ರಯೋಗದಲ್ಲಿ 150 ವಿದ್ಯಾರ್ಥಿಗಳಿದ್ದರು. ಒಂದು ವಾರ ಬಿಟ್ಟು, ಒಡೆದ ಗಾಜು ನೋಡಿದಿರಾ ಎಂದು ಕೇಳಿದರು. ಗಾಜು ಒಡೆದೇ ಇರಲಿಲ್ಲ. 'ಅಪ್ಪಳಿಸಿದಾಗ' ಗುಂಪಿನ 50 ಜನರಲ್ಲಿ 16 ಮಂದಿ ನೋಡಿದೆವು ಎಂದರು; 'ಡಿಕ್ಕಿ ಹೊಡೆದಾಗ' ಗುಂಪಿನ 50ರಲ್ಲಿ 7; ವೇಗದ ಪ್ರಶ್ನೆಯನ್ನೇ ಕೇಳದ ಗುಂಪಿನ 50ರಲ್ಲಿ 6. ಪದ ಬದಲಾದದ್ದರಿಂದ ನೆನಪು ಬದಲಾಯಿತು ಎಂದು ಬರೆಯಲು ಅವರಿಗೆ ಹಕ್ಕು ಬಂದದ್ದು ಹೀಗೆ.

ಈಗ ಇದರ ಎದುರಿಗೆ ಇನ್ನೊಂದು ಅಧ್ಯಯನ ಇಡುತ್ತೇನೆ. ಕೆನಡಾದ ವ್ಯಾಂಕೂವರ್ ಬಳಿ ಬಂದೂಕಿನ ಅಂಗಡಿಯೊಂದರ ಹೊರಗೆ ಹಾಡಹಗಲೇ ಗುಂಡಿನ ಕಾಳಗ ನಡೆದು ದರೋಡೆಕೋರ ಸತ್ತ. ಪೊಲೀಸರು 21 ಸಾಕ್ಷಿಗಳ ಹೇಳಿಕೆ ಪಡೆದಿದ್ದರು. ಯೂಲ್ ಮತ್ತು ಕಟ್‌ಷಾಲ್ ಎಂಬ ಸಂಶೋಧಕರು ನಾಲ್ಕೈದು ತಿಂಗಳ ನಂತರ ಅವರಲ್ಲಿ ಒಪ್ಪಿದ 13 ಜನರನ್ನು ಮತ್ತೆ ಮಾತನಾಡಿಸಿದರು. ದಾರಿ ತಪ್ಪಿಸುವ ಪ್ರಶ್ನೆಗಳನ್ನೂ ನಡುವೆ ಸೇರಿಸಿದರು. 1986ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ಸಾಕ್ಷಿಗಳ ನೆನಪು ಗಟ್ಟಿಯಾಗಿಯೇ ಇತ್ತು, ಆ ಪ್ರಶ್ನೆಗಳಿಗೆ ಅವರು ಜಗ್ಗಲಿಲ್ಲ.

ಯಾರನ್ನು ನಂಬುವುದು? ಲಾಫ್ಟಸ್ ಪ್ರಯೋಗದಲ್ಲಿ ಕಾರಣ ಸ್ಪಷ್ಟ, ಆದರೆ ಕುರ್ಚಿಯಲ್ಲಿ ಕೂತು ಸಿನಿಮಾ ನೋಡಿದವನ ಎದೆ ಡವಗುಟ್ಟಿರುವುದಿಲ್ಲ. ವ್ಯಾಂಕೂವರ್ ಅಧ್ಯಯನದಲ್ಲಿ ಎದೆ ಡವಗುಟ್ಟಿತ್ತು, ಆದರೆ ಉಳಿದ ಎಂಟು ಜನ ಯಾಕೆ ಬರಲಿಲ್ಲ ಎಂಬುದು ಪ್ರಶ್ನೆ. ನೆನಪು ಚೆನ್ನಾಗಿದ್ದವರೇ ಒಪ್ಪಿರಬಹುದು. ಹತ್ತಿರದಿಂದ ನೋಡಿದವರೇ ಒಪ್ಪಿರಬಹುದು. ಪ್ರಯೋಗ ಕೊಡುವ ಹಿಡಿತ ಮತ್ತು ಬೀದಿ ಕೊಡುವ ನೈಜತೆ ಒಂದೇ ಕೈಗೆ ಸಿಗುವುದು ಅಪರೂಪ. ಯಾವುದನ್ನು ಬಿಟ್ಟುಕೊಡಲು ನೀವು ಸಿದ್ಧರಿದ್ದೀರಿ ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಿ.

ಪ್ರಯೋಗವನ್ನು ಆರಿಸಿದಿರೆಂದರೆ ಅದರೊಳಗೆ ಇನ್ನೊಂದು ಆಯ್ಕೆ ಕಾದಿರುತ್ತದೆ: ಎರಡು ಬೇರೆ ಗುಂಪುಗಳನ್ನು ಹೋಲಿಸುವುದೋ, ಅದೇ ಜನರನ್ನು ಎರಡು ಸ್ಥಿತಿಗಳಲ್ಲಿ ಅಳೆಯುವುದೋ? ಲೆಕ್ಕ ನೋಡಿ. ಮಧ್ಯಮ ಗಾತ್ರದ ವ್ಯತ್ಯಾಸವೊಂದು ನಿಜವಾಗಿಯೂ ಇದ್ದರೆ, ಅದನ್ನು ಹತ್ತರಲ್ಲಿ ಎಂಟು ಸಲ ಹಿಡಿಯಲು, ವಾಡಿಕೆಯ ಶೇ 5ರ ಮಟ್ಟದಲ್ಲಿ (ಇಲ್ಲದ ವ್ಯತ್ಯಾಸವನ್ನು ಇದೆ ಎಂದು ಎಣಿಸುವ ಅಪಾಯ ಶೇ 5ನ್ನು ಮೀರದಂತೆ), ಪ್ರತಿ ಗುಂಪಿಗೆ 64 ಜನ ಬೇಕು. ಒಟ್ಟು 128. ಅದೇ ಜನರನ್ನು ಎರಡು ಸಲ ಅಳೆದರೆ 34 ಜನ ಸಾಕು. ಬಿ.ಎ. ಪ್ರಾಜೆಕ್ಟಿನಲ್ಲಿ ಗುಂಪಿಗೆ ಹದಿನೈದು ಜನರನ್ನು ಇಟ್ಟುಕೊಂಡು "ಯಾವ ವ್ಯತ್ಯಾಸವೂ ಇಲ್ಲ" ಎಂದು ಬರೆದವರನ್ನು ಬಹಳ ನೋಡಿದ್ದೇನೆ. ವ್ಯತ್ಯಾಸ ಇರಲಿಲ್ಲವೋ, ಇವರ ಬಲೆಯ ಕಣ್ಣು ದೊಡ್ಡದಾಗಿತ್ತೋ, ಹೇಳುವವರು ಯಾರು?

ಅದೇ ಜನರನ್ನು ಎರಡು ಸಲ ಅಳೆಯುವುದರಲ್ಲೂ ಕುತ್ತಿದೆ. ಎರಡನೆಯ ಸಲಕ್ಕೆ ಕೈ ಪಳಗಿರುತ್ತದೆ, ಇಲ್ಲವೇ ಆಕಳಿಕೆ ಬಂದಿರುತ್ತದೆ. ಅರ್ಧ ಜನರಿಗೆ ಒಂದು ಸ್ಥಿತಿ ಮೊದಲು, ಉಳಿದರ್ಧಕ್ಕೆ ಇನ್ನೊಂದು ಮೊದಲು ಕೊಟ್ಟು ಇದನ್ನು ಸರಿದೂಗಿಸುತ್ತಾರೆ. ಆದರೆ ಒಂದು ಸಲ ಗುಟ್ಟು ಗೊತ್ತಾದರೆ ಕೆಡುವಂಥ ಪ್ರಯೋಗಗಳಿಗೆ ಈ ವಿನ್ಯಾಸ ಒಗ್ಗದು. 'ಅಪ್ಪಳಿಸಿದಾಗ' ಎಂದೂ 'ತಾಗಿದಾಗ' ಎಂದೂ ಒಬ್ಬನಿಗೇ ಕೇಳಿದರೆ ಅವನು ನಿಮ್ಮ ಆಟವನ್ನು ಅಲ್ಲೇ ಹಿಡಿಯುತ್ತಾನೆ.

ಇನ್ನೊಂದು ಎಚ್ಚರ. ಸೂಚನೆಗಳನ್ನು ಬಾಯಲ್ಲಿ ಹೇಳಬೇಡಿ, ಅಚ್ಚು ಹಾಕಿ ಕೊಡಿ. ಬರ್ಲಿನ್ನಿನಲ್ಲಿ ಗೊರಸು ಕುಟ್ಟಿ ಲೆಕ್ಕ ಹೇಳುತ್ತಿದ್ದ ಹ್ಯಾನ್ಸ್ ಎಂಬ ಕುದುರೆ ಗಣಿತ ಕಲಿತಿರಲಿಲ್ಲ, ಪ್ರಶ್ನೆ ಕೇಳುವವರ ತಲೆಯ ಸಣ್ಣ ಅಲುಗಾಟವನ್ನು ಓದುತ್ತಿತ್ತು ಎಂಬುದನ್ನು 1907ರಲ್ಲಿ ಆಸ್ಕರ್ ಫುಂಗ್ಸ್ಟ್ ಪತ್ತೆಹಚ್ಚಿದ. ಕುದುರೆಗೆ ಕಂಡದ್ದು ನಿಮ್ಮ ಸಹಪಾಠಿಗೆ ಕಾಣದೇ?

ಚೀಟಿ ಎತ್ತಲಾಗದ ಪ್ರಶ್ನೆಗಳು

ಕನ್ನಡ ಮಾಧ್ಯಮದಲ್ಲಿ ಓದಿದವರು, ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರು. ನಮ್ಮಲ್ಲಿ ಈ ಹೋಲಿಕೆಯ ಮೇಲೆ ಎಲ್ಲರಿಗೂ ಆಸೆ. ಸ್ಟ್ರೂಪ್ ಪರೀಕ್ಷೆಯನ್ನೇ ನೋಡಿ. 'ಕೆಂಪು' ಎಂಬ ಪದವನ್ನು ಹಸಿರು ಮಸಿಯಲ್ಲಿ ಅಚ್ಚು ಹಾಕಿ, ಪದವನ್ನು ಓದದೆ ಮಸಿಯ ಬಣ್ಣ ಹೇಳಿ ಎಂದರೆ ನಾಲಿಗೆ ತೊಡರುತ್ತದೆ. 1935ರಲ್ಲಿ ಜಾನ್ ರಿಡ್ಲಿ ಸ್ಟ್ರೂಪ್ ಪ್ರಕಟಿಸಿದ ಈ ಪರೀಕ್ಷೆಯ ಪರಿಣಾಮ ಎಷ್ಟು ದೊಡ್ಡದೆಂದರೆ ಇಪ್ಪತ್ತು ಜನರಲ್ಲೇ ಎದ್ದು ಕಾಣುತ್ತದೆ. ಪದಗಳನ್ನು ಕನ್ನಡ ಲಿಪಿಯಲ್ಲಿ ಒಮ್ಮೆ, ಇಂಗ್ಲಿಷ್ ಲಿಪಿಯಲ್ಲಿ ಒಮ್ಮೆ ಕೊಟ್ಟರೆ ಅದು ಅಪ್ಪಟ ಪ್ರಯೋಗ. ಲಿಪಿಯನ್ನು ಬದಲಾಯಿಸುವವರು ನೀವು.

ಆದರೆ "ಕನ್ನಡ ಮಾಧ್ಯಮದಲ್ಲಿ ಓದಿದ್ದರಿಂದ ಕನ್ನಡ ಪದ ಹೆಚ್ಚು ತೊಡರಿತು" ಎಂದು ಬರೆಯಲು ಹೊರಟರೆ ನಿಲ್ಲಿ. ಯಾವ ಮಗು ಯಾವ ಶಾಲೆಗೆ ಹೋಗಬೇಕೆಂದು ನೀವು ಚೀಟಿ ಎತ್ತಿರಲಿಲ್ಲ. ಅದನ್ನು ನಿರ್ಧರಿಸಿದ್ದು ಊರು, ಅಪ್ಪನ ಸಂಬಳ, ಅಮ್ಮನ ಓದು, ಮನೆ ಮುಂದೆ ಶಾಲೆಯ ವ್ಯಾನ್ ಬರುತ್ತಿತ್ತೇ ಇಲ್ಲವೇ ಎಂಬುದು. ಇದಕ್ಕೆ ಅರೆ-ಪ್ರಯೋಗ ಎಂದು ಹೆಸರು. ವಯಸ್ಸು, ಲಿಂಗ, ಊರು, ಮಾಧ್ಯಮ ಇವೆಲ್ಲ ಈ ಜಾತಿಗೆ ಸೇರಿದವು. ಮಾಡಬಾರದೆಂದಲ್ಲ. ಹಿನ್ನೆಲೆಯ ವ್ಯತ್ಯಾಸಗಳನ್ನು ಅಳೆದು ಪಕ್ಕದಲ್ಲಿಡಿ. ಕುಟುಂಬದ ಯಜಮಾನರ ಓದು, ಉದ್ಯೋಗ ಮತ್ತು ಕುಟುಂಬದ ಆದಾಯವನ್ನು ಕೂಡಿಸಿ ಅಂಕ ಕೊಡುವ ಕುಪ್ಪುಸ್ವಾಮಿ ಮಾಪಕ 1976ರಿಂದ ಬಳಕೆಯಲ್ಲಿದೆ. ಆದಾಯದ ಅಂಕಿಗಳನ್ನು ಇಂದಿನ ಬೆಲೆಗೆ ಪರಿಷ್ಕರಿಸಿದ ರೂಪವನ್ನೇ ಬಳಸಿ. ಹಳೆಯ ಅಂಕಿ ಹಾಕಿದರೆ ಊರಿಗೆ ಊರೇ ಸಿರಿವಂತವಾಗಿಬಿಡುತ್ತದೆ.

ಸಮೀಕ್ಷೆ: ಸುಲಭವೆಂದು ಕಾಣುವುದೇ ಅದರ ದೋಷ

1930ರ ದಶಕದ ಆರಂಭದಲ್ಲಿ ರಿಚರ್ಡ್ ಲಾಪಿಯರ್ ಎಂಬ ಸಮಾಜವಿಜ್ಞಾನಿ ಒಂದು ಚೀನೀ ಯುವ ದಂಪತಿಯ ಜೊತೆ ಕಾರಿನಲ್ಲಿ ಅಮೆರಿಕ ಸುತ್ತಿದ. ಚೀನೀಯರ ಬಗ್ಗೆ ಅಲ್ಲಿ ಬಹಿರಂಗ ಅಸಹನೆ ಇದ್ದ ಕಾಲ ಅದು. ಅವರು ಹೋದ 251 ಹೋಟೆಲು, ತಂಗುದಾಣ, ಊಟದ ಮನೆಗಳ ಪೈಕಿ ಬಾಗಿಲಲ್ಲೇ ಹಿಂದಕ್ಕೆ ಕಳುಹಿಸಿದ್ದು ಒಂದೇ ಒಂದು. ಆರು ತಿಂಗಳ ನಂತರ ಅವೇ ಜಾಗಗಳಿಗೆ ಪತ್ರ ಬರೆದು, ಚೀನೀ ಅತಿಥಿಗಳನ್ನು ಸ್ವೀಕರಿಸುತ್ತೀರಾ ಎಂದು ಕೇಳಿದ. ಉತ್ತರಿಸಿದ 128 ಮಂದಿಯಲ್ಲಿ ಶೇ 90ಕ್ಕಿಂತ ಹೆಚ್ಚಿನವರು ಇಲ್ಲ ಎಂದರು. 1934ರಲ್ಲಿ ಪ್ರಕಟವಾದ ಈ ಬರಹವನ್ನು ಪ್ರಶ್ನಾವಳಿ ಹಿಡಿದು ಹೊರಡುವ ಪ್ರತಿಯೊಬ್ಬರಿಗೂ ನಾನು ಓದಿಸುತ್ತೇನೆ.

ಲಾಪಿಯರ್ ಅಧ್ಯಯನದಲ್ಲೂ ತೂತುಗಳಿವೆ. ಪತ್ರಕ್ಕೆ ಉತ್ತರಿಸಿದವರೂ ಅಂದು ಬಾಗಿಲಲ್ಲಿ ನಿಂತಿದ್ದವರೂ ಒಬ್ಬರೇ ಆಗಿರಬೇಕಿಲ್ಲ. ದಂಪತಿಯ ಜೊತೆ ಒಬ್ಬ ಬಿಳಿಯ ಪ್ರಾಧ್ಯಾಪಕನಿದ್ದ ಎಂಬುದೂ ಸಣ್ಣ ಸಂಗತಿಯಲ್ಲ. ಆದರೂ ಮೂಲ ಪಾಠ ಅಲುಗುವುದಿಲ್ಲ. ಸಮೀಕ್ಷೆ ಅಳೆಯುವುದು ಜನ ಏನು ಹೇಳುತ್ತಾರೆ ಎಂಬುದನ್ನು. ಏನು ಮಾಡುತ್ತಾರೆ ಎಂಬುದು ಬೇರೆ ಲೆಕ್ಕ. ನಂಬಿಕೆ, ಅಭಿಪ್ರಾಯ, ಭಯ, ಆಸೆ ನಿಮ್ಮ ವಿಷಯವಾಗಿದ್ದರೆ ಕೇಳುವುದಕ್ಕಿಂತ ಬೇರೆ ದಾರಿಯಿಲ್ಲ, ಸಮೀಕ್ಷೆಯೇ ಸರಿ. ವರ್ತನೆ ನಿಮ್ಮ ವಿಷಯವಾಗಿದ್ದರೆ ಮೊದಲು ವರ್ತನೆಯನ್ನೇ ನೋಡಲು ಸಾಧ್ಯವೇ ಎಂದು ಯೋಚಿಸಿ. ರಾತ್ರಿ ಎಷ್ಟು ಹೊತ್ತು ಮೊಬೈಲ್ ನೋಡಿದಿರಿ ಎಂದು ಕೇಳುವುದು ಯಾಕೆ? ಬಹುತೇಕ ಮೊಬೈಲ್‌ಗಳ ಸೆಟ್ಟಿಂಗ್ಸ್‌ನಲ್ಲಿ ಆ ಲೆಕ್ಕ ನಿಮಿಷದ ಮಟ್ಟದಲ್ಲಿ ಕೂತಿದೆ. ಒಪ್ಪಿಗೆ ಪಡೆದು ಅದನ್ನೇ ಬರೆದುಕೊಳ್ಳಿ. ಜನರ ಅಂದಾಜಿಗೂ ಮೊಬೈಲಿನ ಲೆಕ್ಕಕ್ಕೂ ಹೊಂದಾಣಿಕೆ ಅಷ್ಟಕ್ಕಷ್ಟೇ ಎಂಬುದನ್ನು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ.

ನೂರು ಜನ ಸಾಕೇ ಎಂಬ ಪ್ರಶ್ನೆಗೆ ಬರೋಣ. 1936ರ ಅಮೆರಿಕದ ಚುನಾವಣೆಗೆ ಮುನ್ನ ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಮತಚೀಟಿ ಕಳುಹಿಸಿ, 20 ಲಕ್ಷಕ್ಕೂ ಹೆಚ್ಚು ಉತ್ತರ ಪಡೆದು, ಲ್ಯಾಂಡನ್ ಗೆಲ್ಲುತ್ತಾನೆ ಎಂದಿತು. ರೂಸ್‌ವೆಲ್ಟ್ ಶೇ 60ಕ್ಕೂ ಹೆಚ್ಚು ಮತ ಪಡೆದು ಗೆದ್ದ. ಟೆಲಿಫೋನ್ ಮತ್ತು ಕಾರು ಇದ್ದವರ ಪಟ್ಟಿಗಳಿಂದ ಹೆಸರು ಆರಿಸಿದ್ದು ಒಂದು ತಪ್ಪು; ಉತ್ತರಿಸುವ ಉತ್ಸಾಹ ಇದ್ದವರು ಮಾತ್ರ ಉತ್ತರಿಸಿದ್ದು ಇನ್ನೊಂದು. ನಿಮ್ಮ ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೂ ಇವೇ ಎರಡು ರೋಗಗಳಿವೆ. ಅಲ್ಲಿಂದ ಸಾವಿರ ಉತ್ತರ ಬಂದರೂ ರೋಗ ವಾಸಿಯಾಗದು. ಹಾಸ್ಟೆಲಿನ ಕೊಠಡಿಗಳ ಪಟ್ಟಿ ಹಿಡಿದು, ಪ್ರತಿ ಐದನೆಯ ಕೊಠಡಿಯ ಬಾಗಿಲು ತಟ್ಟಿ ಪಡೆದ ಅರವತ್ತು ಉತ್ತರಗಳು ನನಗೆ ಅದಕ್ಕಿಂತ ಮೇಲು.

ಭಾಷೆಯ ತೊಡಕನ್ನು ಮಾತ್ರ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಇಂಗ್ಲಿಷ್ ಪಠ್ಯಗಳಲ್ಲಿ ಅದು ಇರುವುದಿಲ್ಲ. ಇಂಗ್ಲಿಷ್ ಮಾಪಕವೊಂದನ್ನು, ಅಂದರೆ ಮನಸ್ಥಿತಿಗೆ ಅಂಕ ಕೊಡುವ ಪ್ರಶ್ನಾವಳಿಯನ್ನು, ಕನ್ನಡಕ್ಕೆ ತಂದವರು ದುಃಖದ ಪ್ರಶ್ನೆಗೂ ಬೇಸರದ ಪ್ರಶ್ನೆಗೂ 'ಬೇಜಾರು' ಎಂದೇ ಬರೆದಿದ್ದನ್ನು ನೋಡಿದ್ದೇನೆ. ಕನ್ನಡದ ಬೇಜಾರು ದೊಡ್ಡ ಚೀಲ. ಮಾಡಲು ಕೆಲಸವಿಲ್ಲದಿದ್ದರೂ ಬೇಜಾರು, ಅಜ್ಜಿ ತೀರಿಕೊಂಡರೂ ಬೇಜಾರು, ಗೆಳತಿ ಮದುವೆಗೆ ಕರೆಯದಿದ್ದರೂ ಬೇಜಾರು. ಉತ್ತರಿಸಿದವರು ಯಾವ ಬೇಜಾರಿಗೆ ಗುರುತು ಹಾಕಿದರೆಂದು ದೇವರೇ ಬಲ್ಲ. 'ಟೆನ್ಷನ್' ಎಂಬುದೂ ಹೀಗೆಯೇ; ಆತಂಕ, ಸಿಟ್ಟು, ಕೆಲಸದ ಒತ್ತಡ ಮೂರೂ ಅದರೊಳಗಿವೆ. ಇದಕ್ಕೆ ಮರು-ಅನುವಾದ ಎಂಬ ಮದ್ದಿದೆ. ಒಬ್ಬರು ಕನ್ನಡಕ್ಕೆ ತರುತ್ತಾರೆ, ಮೂಲವನ್ನು ನೋಡಿರದ ಇನ್ನೊಬ್ಬರು ಅದನ್ನು ಮತ್ತೆ ಇಂಗ್ಲಿಷಿಗೆ ತರುತ್ತಾರೆ, ಎರಡು ಇಂಗ್ಲಿಷ್‌ಗಳನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಎಷ್ಟೋ ಮಾಪಕಗಳ ಕನ್ನಡ ರೂಪಗಳನ್ನು ಆಗಲೇ ಸಿದ್ಧಪಡಿಸಿ ಪರೀಕ್ಷಿಸಲಾಗಿದೆ. ಅವನ್ನು ಹುಡುಕಿ ಬಳಸಿ. ಒಂದು ಸಂಜೆಯಲ್ಲಿ ನೀವೇ ಅನುವಾದಿಸಬೇಡಿ.

'ಜೊತೆಗೆ' ಎಂಬಷ್ಟೇ ಸಾಕಾದರೆ

ಸಹಸಂಬಂಧವನ್ನು ಸಮೀಕ್ಷೆಯ ಪಕ್ಕದ ಇನ್ನೊಂದು ವಿಧಾನವೆಂದು ಎಣಿಸುವುದು ರೂಢಿ. ನಿಜಕ್ಕೂ ಅದು ಮಾಹಿತಿಯನ್ನು ಓದುವ ರೀತಿ. ಸಮೀಕ್ಷೆಯ ಅಂಕಗಳನ್ನೂ ಓದಬಹುದು, ಅವಲೋಕನದ ಎಣಿಕೆಯನ್ನೂ ಓದಬಹುದು. ಮೊಬೈಲ್ ಹೊತ್ತು ಏರಿದಂತೆ ನಿದ್ದೆಯ ತೊಂದರೆ ಏರುತ್ತದೆ ಎಂದು ಕಂಡಿತೆನ್ನಿ. ಮೊಬೈಲ್ ನಿದ್ದೆ ಕೆಡಿಸಿರಬಹುದು. ನಿದ್ದೆ ಬಾರದವನು ಮೊಬೈಲ್ ಎತ್ತಿಕೊಂಡಿರಬಹುದು. ನಾಳಿನ ಪರೀಕ್ಷೆಯ ಭಯ ಎರಡನ್ನೂ ಮಾಡಿಸಿರಬಹುದು. ಒಂದೇ ಅಂಕಿಗೆ ಮೂರು ಕಥೆಗಳು ಸರಿಹೊಂದುತ್ತವೆ.

ಹಾಗೆಂದು ಇದನ್ನು ಪ್ರಯೋಗದ ಬಡ ತಮ್ಮನೆಂದು ನೋಡಬಾರದು. ತಂದೆತಾಯಿಯ ಜಗಳ ಮತ್ತು ಮಗುವಿನ ಆತಂಕ, ಕುಡಿತ ಮತ್ತು ನೆನಪು ಇಂಥವನ್ನು ಚೀಟಿ ಎತ್ತಿ ಹಂಚುವುದು ಪಾಪದ ಕೆಲಸ. ಅಲ್ಲಿ 'ಜೊತೆಗೆ' ಎಂಬುದೇ ಗೌರವದ ಪದ. ಜನಸಂಖ್ಯೆ ಮಾತ್ರ ಹೆಚ್ಚು ಬೇಕು. 0.3ರಷ್ಟಿರುವ ಸಹಸಂಬಂಧವನ್ನು (ಸೊನ್ನೆ ಎಂದರೆ ಸಂಬಂಧವಿಲ್ಲ, 1 ಎಂದರೆ ಪೂರ್ಣ ಸಂಬಂಧ) ಹತ್ತರಲ್ಲಿ ಎಂಟು ಸಲ ಹಿಡಿಯಲು ಸುಮಾರು 85 ಜನ ಬೇಕು. 30 ಜನರಿಂದ ಬಂದ ಅಂಕಿ ಇಂದು ಒಂದು, ನಾಳೆ ಇನ್ನೊಂದು.

ಇಲ್ಲೊಂದು ಪಕ್ಕದ ಮಾತು. ಶ್ರೇಣಿಗಳ ನಡುವಿನ ಸಹಸಂಬಂಧಕ್ಕೆ ಎಲ್ಲರೂ ಬಳಸುವ ಸೂತ್ರ ಲಂಡನ್ನಿನ ಚಾರ್ಲ್ಸ್ ಸ್ಪಿಯರ್‌ಮನ್ ಹೆಸರಿನದು. ಅವರ ಬಳಿ ಕಲಿತ ಎಂ.ವಿ. ಗೋಪಾಲಸ್ವಾಮಿ ಮೈಸೂರು ವಿಶ್ವವಿದ್ಯಾಲಯದ ಮನೋವಿಜ್ಞಾನ ವಿಭಾಗವನ್ನು ಕಟ್ಟಿದವರು. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ 'ಆಕಾಶವಾಣಿ' ಎಂಬ ಬಾನುಲಿ ಕೇಂದ್ರ ಆರಂಭಿಸಿದವರೂ ಅವರೇ. ಆ ಸೂತ್ರವನ್ನು ಶಪಿಸುತ್ತಾ ಕ್ಯಾಲ್ಕುಲೇಟರ್ ಕುಟ್ಟುವಾಗ ಇದು ನೆನಪಿರಲಿ.

ವಯಸ್ಸಿನ ಜೊತೆ ಏನೋ ಬದಲಾಗುತ್ತದೆ ಎಂದು ಹೇಳುವ ಆಸೆ ಇದ್ದರೆ ಇಪ್ಪತ್ತರವರನ್ನೂ ಅರವತ್ತರವರನ್ನೂ ಒಂದೇ ವಾರ ಅಳೆಯಬಹುದು, ಇಲ್ಲವೇ ಇಪ್ಪತ್ತರವರು ಅರವತ್ತಾಗುವ ತನಕ ಕಾಯಬಹುದು. ನ್ಯೂಜಿಲೆಂಡಿನ ಡನೀಡಿನ್‌ನಲ್ಲಿ 1972-73ರಲ್ಲಿ ಹುಟ್ಟಿದ 1,037 ಮಕ್ಕಳನ್ನು ಇಂದಿಗೂ ಹಿಂಬಾಲಿಸುತ್ತಿದ್ದಾರೆ. ನಿಮಗೆ ಒಂದು ಸೆಮಿಸ್ಟರ್ ಇದೆ, ಹಾಗಾಗಿ ಮೊದಲನೆಯದೇ ಗತಿ. ಆದರೆ ಇಂದಿನ ಅರವತ್ತರವರು ಬೇರೆ ಶಾಲೆಯಲ್ಲಿ, ಬೇರೆ ಊಟ ಉಂಡು ಬೆಳೆದವರು. ವಯಸ್ಸಿನ ವ್ಯತ್ಯಾಸವೋ ತಲೆಮಾರಿನ ವ್ಯತ್ಯಾಸವೋ ತಿಳಿಯುವುದಿಲ್ಲ ಎಂದು ವರದಿಯಲ್ಲಿ ನೀವೇ ಬರೆಯಿರಿ. ಪರೀಕ್ಷಕರು ಕೇಳುವ ತನಕ ಕಾಯಬೇಡಿ.

ನೋಡುವುದು, ಕೇಳಿಸಿಕೊಳ್ಳುವುದು

ಅವಲೋಕನವನ್ನು ನಮ್ಮ ವಿದ್ಯಾರ್ಥಿಗಳು ಆರಿಸುವುದೇ ಇಲ್ಲ. ನನಗೆ ಅದು ಬೇಸರದ ಸಂಗತಿ. ಗ್ರಂಥಾಲಯದ ಮೂಲೆಯಲ್ಲಿ ಕೂತು, ಓದುತ್ತಿರುವ ಒಬ್ಬೊಬ್ಬರನ್ನು ಹತ್ತು ಹತ್ತು ನಿಮಿಷ ನೋಡಿ, ಎಷ್ಟು ಸಲ ಮೊಬೈಲ್ ಎತ್ತಿದರೆಂದು ಗೀಟು ಹಾಕಿದರೆ ಯಾವ ಪ್ರಶ್ನಾವಳಿಯೂ ಕೊಡದ ಮಾಹಿತಿ ಸಿಗುತ್ತದೆ. ಷರತ್ತುಗಳು ಎರಡು. 'ಎತ್ತುವುದು' ಎಂದರೇನು ಎಂದು ಮೊದಲೇ ಬರೆದಿಟ್ಟುಕೊಳ್ಳಬೇಕು. ಪರದೆ ಬೆಳಗಿಸಿ ಗಂಟೆ ನೋಡಿದರೆ ಲೆಕ್ಕಕ್ಕುಂಟೋ ಇಲ್ಲವೋ? ಮತ್ತು ಇಬ್ಬರು ಬೇರೆ ಬೇರೆ ಕೂತು ಎಣಿಸಿ, ಅವರ ಎಣಿಕೆ ಎಷ್ಟು ಹೊಂದುತ್ತದೆಂದು ನೋಡಬೇಕು.

ಒಳಗೆ ಸೇರಿಕೊಂಡು ನೋಡುವ ಬಗೆಯೂ ಇದೆ. 1954ರ ಡಿಸೆಂಬರ್ 21ರಂದು ಪ್ರಳಯವಾಗುತ್ತದೆ ಎಂದು ನಂಬಿದ್ದ ಅಮೆರಿಕದ ಒಂದು ಸಣ್ಣ ಗುಂಪಿನೊಳಕ್ಕೆ ಲಿಯಾನ್ ಫೆಸ್ಟಿಂಗರ್ ಮತ್ತು ಸಂಗಡಿಗರು ಭಕ್ತರ ವೇಷದಲ್ಲಿ ವೀಕ್ಷಕರನ್ನು ಸೇರಿಸಿದರು. ಹೊರಗಿನಿಂದ ಎಂದೂ ಕಾಣದ್ದು ಕಂಡಿತು, ನಿಜ. ಆದರೆ ಅಷ್ಟು ಸಣ್ಣ ಗುಂಪಿಗೆ ಒಮ್ಮೆಲೇ ಹೊಸ ಭಕ್ತರು ಬಂದದ್ದನ್ನು ಗುಂಪಿನವರು ದೈವದ ಸೂಚನೆಯೆಂದು ತಿಳಿದರು. ನೋಡಲು ಹೋದವರೇ ನೋಟವನ್ನು ಬದಲಾಯಿಸಿದರು. ಈ ದಾರಿ ಮೊದಲ ಪ್ರಾಜೆಕ್ಟಿಗೆ ಬೇಡ, ಅನುಮತಿಯೂ ಸಿಗದು.

ಸಂದರ್ಶನವನ್ನು ಆರಿಸುವವರಲ್ಲಿ ಅರ್ಧ ಜನ ಸಂಖ್ಯಾಶಾಸ್ತ್ರಕ್ಕೆ ಹೆದರಿ ಬರುತ್ತಾರೆ. ಹುಲಿಗೆ ಹೆದರಿ ಹೊಳೆಗೆ ಹಾರಿದಂತೆ. ಒಂದು ಗಂಟೆಯ ಮಾತನ್ನು ಬರಹಕ್ಕಿಳಿಸಲು ನಾಲ್ಕೈದು ಗಂಟೆ ಬೇಕು. ಎಂಟು ಜನರನ್ನು ಮಾತನಾಡಿಸಿದರೆ ಅದೇ ಒಂದು ವಾರದ ಕೆಲಸ. ಸಾಲು ಸಾಲನ್ನೂ ಓದಿ, ಅರ್ಥದ ಎಳೆಗಳನ್ನು ಗುರುತಿಸಿ, ಗುಂಪು ಮಾಡುವುದು ಆಮೇಲೆ. ಹಾಸನದ ಹುಡುಗ ಕನ್ನಡದಲ್ಲಿ ಹೇಳಿದ್ದನ್ನು ಇಂಗ್ಲಿಷ್ ವರದಿಗೆ ತರುವಾಗ ಅರ್ಧ ಸೋರಿಹೋಗುತ್ತದೆ. ಅವನ ಮಾತನ್ನು ಅವನ ಮಾತಿನಲ್ಲೇ ವರದಿಯಲ್ಲಿ ಇರಿಸಿ, ಪಕ್ಕದಲ್ಲಿ ಅನುವಾದ ಕೊಡಿ. "ಹೀಗೆ ಅನ್ನಿಸುತ್ತದೆ" ಎಂಬ ವಾಕ್ಯ ನಿಮ್ಮ ಚೀಟಿಯಲ್ಲಿದ್ದರೆ ಈ ದುಡಿಮೆಗೆ ಬದಲಿಯಿಲ್ಲ. "ಎಂಟರಲ್ಲಿ ಆರು ಜನ, ಅಂದರೆ ಶೇ 75" ಎಂದು ಮಾತ್ರ ಬರೆಯಬೇಡಿ. ಎಣಿಸುವ ಆಸೆಯಿದ್ದರೆ ಸಮೀಕ್ಷೆಗೆ ಹೋಗಿ.

ವ್ಯಕ್ತಿ ಅಧ್ಯಯನದ ಬಗ್ಗೆ ಹೆಚ್ಚು ಹೇಳುವುದಿಲ್ಲ. 1953ರಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆಯ ನಂತರ ಹೊಸ ನೆನಪುಗಳನ್ನು ಉಳಿಸಿಕೊಳ್ಳಲಾಗದೆ ಹೋದ ಹೆನ್ರಿ ಮೊಲೈಸನ್ ಒಬ್ಬರೇ ನೆನಪಿನ ವಿಜ್ಞಾನವನ್ನು ತಿರುಗಿಸಿದರು. ಕನ್ನಡಿಯಲ್ಲಿ ನೋಡಿ ಚಿತ್ರ ಎಳೆಯುವ ಕೈಚಳಕ ಅವರಿಗೆ ದಿನದಿನಕ್ಕೆ ಸುಧಾರಿಸಿತು, ಹಿಂದಿನ ದಿನ ಅದನ್ನು ಮಾಡಿದ ನೆನಪೇ ಇರಲಿಲ್ಲ. ಅಂಥ ವ್ಯಕ್ತಿ ನಿಮ್ಮ ಪಕ್ಕದ ಮನೆಯಲ್ಲಿಲ್ಲ. ಸೋದರಮಾವನ ಸಿಟ್ಟಿನ ಮೇಲೆ ವ್ಯಕ್ತಿ ಅಧ್ಯಯನ ಬರೆದರೆ ಮನೆಯಲ್ಲಿ ಜಗಳ ಮಾತ್ರ ಖಚಿತ.

ಯಾವುದು ನಿರಪಾಯ?

ಪ್ರಯೋಗ ಅಪಾಯ, ಸಮೀಕ್ಷೆ ನಿರಪಾಯ ಎಂಬ ನಂಬಿಕೆ, ವಿಧೇಯತೆಯ ಪ್ರಯೋಗಗಳಿಗೆ ಹೆಸರಾದ ಅಮೆರಿಕದ ಮನೋವಿಜ್ಞಾನಿ ಸ್ಟ್ಯಾನ್ಲಿ ಮಿಲ್‌ಗ್ರಮ್ ಅವರನ್ನು ಓದಿದವರಿಗೆಲ್ಲ ಇರುತ್ತದೆ. 1963ರ ಅವರ ವರದಿಯಲ್ಲಿ 40 ಗಂಡಸರಲ್ಲಿ 26 ಮಂದಿ, ಆಜ್ಞೆಗೆ ಮಣಿದು, ಇನ್ನೊಬ್ಬನಿಗೆ ನಿಜವಾಗಿಯೂ ಶಾಕ್ ಕೊಡುತ್ತಿದ್ದೇವೆಂದು ತಿಳಿದು, ನಕಲಿ ವಿದ್ಯುತ್ ಯಂತ್ರದ 450 ವೋಲ್ಟ್‌ವರೆಗೆ ಹೋದರು. ಅವರು ಬೆವೆತು ನಡುಗಿದ್ದು ನಕಲಿಯಲ್ಲ. ತಮಾಷೆಯೆಂದರೆ, ಆ ಮೊದಲ ವರದಿಯಲ್ಲಿ ಹೋಲಿಕೆಗೆ ಇನ್ನೊಂದು ಗುಂಪೇ ಇಲ್ಲ. ಆಜ್ಞೆ ಕೊಡುವವನು ಕೊಠಡಿಯಲ್ಲಿರುವುದರಿಂದ ವಿಧೇಯತೆ ಹೆಚ್ಚುತ್ತದೆ ಎಂದು ಹೇಳಲಾದದ್ದು, ಅವನನ್ನು ಹೊರಗೆ ಕಳುಹಿಸಿ ಫೋನಿನಲ್ಲಿ ಆಜ್ಞೆ ಕೊಡಿಸಿ ನೋಡಿದ ಮೇಲೆ. ಆಗ ಕೊನೆಯವರೆಗೆ ಹೋದವರು ಶೇ 20ರ ಆಸುಪಾಸಿಗೆ ಇಳಿದರು.

ನಿಮ್ಮ ಮಟ್ಟದಲ್ಲಿ ಲೆಕ್ಕ ತಲೆಕೆಳಗು. ಬಣ್ಣದ ಪದ ಓದಿಸುವ ಪ್ರಯೋಗದಿಂದ ಯಾರಿಗೂ ಏನೂ ಆಗುವುದಿಲ್ಲ. ಖಿನ್ನತೆಯ ಪ್ರಶ್ನಾವಳಿಯ ಮಾತು ಬೇರೆ. ಬಹಳ ಬಳಕೆಯಲ್ಲಿರುವ ಪಿಎಚ್‌ಕ್ಯೂ-9ರ ಒಂಬತ್ತನೆಯ ಪ್ರಶ್ನೆ ಸಾವಿನ, ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಗಳ ಬಗ್ಗೆ ಕೇಳುತ್ತದೆ. ಹೆಸರಿಲ್ಲದ ಗೂಗಲ್ ಫಾರ್ಮ್‌ನಲ್ಲಿ ಯಾರೋ "ಹೆಚ್ಚುಕಡಿಮೆ ಪ್ರತಿದಿನ" ಎಂದು ಒತ್ತಿದರೆ ಅದು ಯಾರೆಂದು ನಿಮಗೆ ತಿಳಿಯದು, ತಿಳಿದರೂ ಏನು ಮಾಡಬೇಕೆಂಬ ತಯಾರಿ ಇರುವುದಿಲ್ಲ. ಮಾರ್ಗದರ್ಶಕರ ಜೊತೆ ಕೂತು ತಯಾರಿ ಮಾಡದೆ ಇಂಥ ಮಾಪಕ ಮುಟ್ಟಬೇಡಿ. ಮುಟ್ಟಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ-ಮಾನಸ್‌ನ 14416 ಸಂಖ್ಯೆ ಫಾರ್ಮಿನ ಕೊನೆಯಲ್ಲಷ್ಟೇ ಅಲ್ಲ, ಆ ಪ್ರಶ್ನೆಯ ಬುಡದಲ್ಲೇ ಇರಲಿ.

ಆರು ವಾರಗಳಿದ್ದರೆ

ನನ್ನ ಒಲವು ಮುಚ್ಚಿಡುವುದಿಲ್ಲ. ಮೊದಲ ಪ್ರಾಜೆಕ್ಟಿಗೆ ಅದೇ ಜನರನ್ನು ಎರಡು ಸ್ಥಿತಿಗಳಲ್ಲಿ ಅಳೆಯುವ ಸಣ್ಣ ಪ್ರಯೋಗ ಆರಿಸಿ. ನಲವತ್ತು ಜನ ಸಿಗುತ್ತಾರೆ, ಪದಪಟ್ಟಿಗೆ ಖರ್ಚಿಲ್ಲ, ತೃತೀಯಾ ವಿಭಕ್ತಿಯೂ ಧೈರ್ಯವಾಗಿ ಬಳಕೆಗೆ ಬರುತ್ತದೆ. ಹೊಸ ವಿಷಯ ಬೇಕೆಂಬ ಹಟ ಬೇಡ. ಹಳೆಯ ಪ್ರಯೋಗವನ್ನೇ ಮತ್ತೆ ಮಾಡುವುದಕ್ಕೆ ಇಂದು ಬೆಲೆಯಿದೆ. 2015ರಲ್ಲಿ ಪ್ರಕಟವಾದ ಸಾಮೂಹಿಕ ಪ್ರಯತ್ನವೊಂದರಲ್ಲಿ ಮನೋವಿಜ್ಞಾನದ 100 ಅಧ್ಯಯನಗಳನ್ನು ಮರುಮಾಡಿದರು. ಮೂಲದಲ್ಲಿ ಶೇ 97 ಅಧ್ಯಯನಗಳು ಸಂಖ್ಯಾಶಾಸ್ತ್ರದ ಅಳತೆಯಲ್ಲಿ ಗಣನೀಯವಾದ ಫಲಿತಾಂಶ ತೋರಿಸಿದ್ದವು; ಮರುಮಾಡಿದಾಗ ಶೇ 36 ಮಾತ್ರ.

ಹಾಸ್ಟೆಲ್ ಮೊಬೈಲಿನ ವಿಷಯವನ್ನು ಬಿಡಲು ಮನಸ್ಸೇ ಬಾರದವರಿಗೆ ಮಿಶ್ರ ದಾರಿ: ಮೊದಲು ನಾಲ್ಕೈದು ಜನರನ್ನು ಮಾತನಾಡಿಸಿ, ಅವರು ಬಳಸಿದ ಪದಗಳಿಂದಲೇ ಪ್ರಶ್ನೆ ಕಟ್ಟಿ, ಮೊಬೈಲಿನ ದಾಖಲೆಯ ಜೊತೆ ಹೋಲಿಸಿ. ಆದರೆ ಚೀಟಿಯಲ್ಲಿರುವ 'ಇಂದ'ವನ್ನು ಅಳಿಸಿ 'ಜೊತೆಗೆ' ಎಂದು ತಿದ್ದಿದ ಮೇಲೆ ಹೊರಡಿ.

ಯಾವುದನ್ನೇ ಆರಿಸಿ, ಮೊದಲು ಐದು ಜನರ ಮೇಲೆ ನಡೆಸಿ ನೋಡಿ, ಆ ಐವರ ಉತ್ತರಗಳನ್ನು ಲೆಕ್ಕಕ್ಕೆ ಸೇರಿಸಬೇಡಿ. ಅವರು ಬರೆಯುವಾಗ ಪಕ್ಕದಲ್ಲಿ ಸುಮ್ಮನೆ ಕೂತಿರಿ. ಪೆನ್ನು ಎಲ್ಲಿ ನಿಲ್ಲುತ್ತದೆ, ಯಾವ ಸಾಲನ್ನು ಎರಡು ಸಲ ಓದುತ್ತಾರೆ, ಎಲ್ಲಿ ತಲೆಯೆತ್ತಿ ನಿಮ್ಮ ಮುಖ ನೋಡುತ್ತಾರೆ ಎಂಬುದನ್ನು ಗುರುತು ಹಾಕಿಕೊಳ್ಳಿ. ಆ ಸಾಲುಗಳನ್ನು ಅಂದು ರಾತ್ರಿಯೇ ತಿದ್ದಿ.